ಗದೆ, ಕಿರೀಟ, ಪರದೆ: ರಂಗಸಾಮಗ್ರಿ ಮಾಡಲು ಕಲಿತ ಬಗೆ

ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವಾಡುವಾಗ ಪರದೆ, ಕಿರೀಟ, ಭುಜಕೀರ್ತಿ, ಗದೆಗಳೆಲ್ಲವೂ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬರುತ್ತವೆ. ಅವುಗಳ ಥಳಕನ್ನು ನೋಡುತ್ತಲೇ ಬೆಳೆದ ನಾನು, ಪ್ರೌಢಶಾಲೆಯ ಮೇಷ್ಟ್ರಾಗಿ ಮಕ್ಕಳಿಂದ ದುರ್ಯೋಧನನ ಕೊನೆಯ ದಿನದ ಕಥೆಯನ್ನು ಆಡಿಸಲು ಹೊರಟಾಗ ಅವನ್ನೇ ತರಿಸಿದೆ. ದೊಡ್ಡವರ ಅಳತೆಯ ಕಿರೀಟಗಳು 13 ವರ್ಷದ ಹುಡುಗರ ಕಣ್ಣಿನವರೆಗೆ ಇಳಿದವು; ಮರದ ಗದೆಯನ್ನು ಹೆಗಲಿಗೇರಿಸಿ ನಾಲ್ಕು ಮಾತು ಆಡುವಷ್ಟರಲ್ಲಿ ಭೀಮನ ಪಾತ್ರದ ಹುಡುಗನ ತೋಳು ನಡುಗತೊಡಗಿತು. ಮುಂದಿನ ವರ್ಷ ನಮ್ಮ ಮಕ್ಕಳ ಮೈಗೆ ಹೊಂದುವಂತೆ ಎಲ್ಲವನ್ನೂ ಶಾಲೆಯಲ್ಲೇ ಮಾಡಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲು ಕೈಹಾಕಿದ್ದು ಗದೆಗೆ. ಸಣ್ಣ ಮಣ್ಣಿನ ಮಡಕೆಯೊಂದನ್ನು ಅಚ್ಚಾಗಿ ಇಟ್ಟುಕೊಂಡು, ಅದರ ಮೇಲೆ ಬರೀ ನೀರಿನಲ್ಲಿ ನೆನೆಸಿದ ಕಾಗದದ ಒಂದು ಪದರ ಹಾಸಿ, ಆಮೇಲೆ ಮೈದಾ ಅಂಟು ಸವರಿದ ಪತ್ರಿಕೆಯ ಚೂರುಗಳನ್ನು ಹಚ್ಚುತ್ತ ಹೋದೆ. ಕಾಗದವನ್ನು ಕತ್ತರಿಸದೆ ಕೈಯಿಂದಲೇ ಹರಿಯಬೇಕು. ಹರಿದ ಅಂಚು ತೆಳುವಾಗಿರುವುದರಿಂದ ಪಕ್ಕದ ಚೂರಿನೊಳಗೆ ಬೆರೆತುಹೋಗುತ್ತದೆ, ಕತ್ತರಿಸಿದ ಅಂಚು ಬಣ್ಣ ಬಳಿದ ಮೇಲೂ ಗೆರೆಯಾಗಿ ಕಾಣುತ್ತದೆ. ಇಷ್ಟು ತಿಳಿದಿತ್ತು. ಕಾಯುವುದು ತಿಳಿದಿರಲಿಲ್ಲ. ಎಂಟು ಪದರಗಳನ್ನೂ ಒಂದೇ ದಿನ ಹಚ್ಚಿದ್ದರಿಂದ ಮೇಲ್ಭಾಗ ಒಣಗಿ ಗಟ್ಟಿಯಾಯಿತು, ಒಳಗೆ ಹಸಿ ಉಳಿದು ನಾಲ್ಕು ದಿನಗಳಲ್ಲಿ ಬೂಷ್ಟು ಹಿಡಿಯಿತು, ಅಚ್ಚಿನಿಂದ ಬಿಡಿಸುವಾಗ ಗುಂಡು ಕುಸಿದೇಹೋಯಿತು. ಎರಡನೆಯ ಸಲ ದಿನಕ್ಕೆ ಎರಡೇ ಪದರ, ಅದೂ ನೆರಳಿನಲ್ಲಿ ಗಾಳಿಯಾಡುವ ಕಡೆ. ಒಂದು ಪದರ ಪತ್ರಿಕೆ, ಮುಂದಿನದು ಕಂದು ಕಾಗದ ಎಂದು ಬದಲಿಸುತ್ತ ಹೋದರೆ ಎಲ್ಲಿ ಪದರ ಬಿಟ್ಟುಹೋಗಿದೆಯೆಂಬುದು ಮಕ್ಕಳ ಕಣ್ಣಿಗೂ ಕೂಡಲೇ ತಿಳಿಯುತ್ತದೆ. ಅಂಟಿಗೆ ಇಲಿ, ಹುಳುಗಳ ಕಾಟ ಬಾರದಿರಲೆಂದು ಚಿಟಿಕೆ ಮೈಲುತುತ್ತ ಸೇರಿಸುತ್ತೇನೆ. ಅದು ವಿಷವಾದ್ದರಿಂದ ಬೆರೆಸುವ ಕೆಲಸವನ್ನು ನಾನೇ ಮಾಡುತ್ತೇನೆ. ಅದಕ್ಕೆಂದೇ ಬೇರೆ ಪಾತ್ರೆಯಿದೆ, ಅಂಟು ಮುಟ್ಟುವ ಮಕ್ಕಳ ಕೈಗೆ ಕವಚವಿರುತ್ತದೆ.

ಒಣಗಿದ ಚಿಪ್ಪನ್ನು ಎರಡು ಹೋಳಾಗಿ ಕೊಯ್ದು ಮಡಕೆಯಿಂದ ಬಿಡಿಸಿ, ಬಿದಿರಿನ ಹಿಡಿಗೆ ಕೂಡಿಸಿ, ಬಣ್ಣ ಬಳಿದಾಗ ಗದೆ ನೋಡಲು ಚೆನ್ನಾಗಿಯೇ ಇತ್ತು. ಆದರೆ ತಾಲೀಮಿನಲ್ಲಿ ಹುಡುಗ ಅದನ್ನು ಬೆತ್ತದಂತೆ ಬೀಸತೊಡಗಿದ. ಭೀಮನ ನಡಿಗೆಯೇ ಹೊರಟುಹೋಯಿತು. ಅಂದು ತಾಲೀಮು ನೋಡಲು ಬಂದಿದ್ದವರು, ಕಂಪನಿ ನಾಟಕಗಳಿಗೆ ಪರದೆ ಬರೆದು ಕೈ ಪಳಗಿದ್ದ ನಮ್ಮೂರಿನ ಹಿರಿಯರೊಬ್ಬರು. "ಮೇಷ್ಟ್ರೇ, ಗದೆ ಹಗುರಾಗೇ ಇರ್ಲಿ. ಆದ್ರೆ ಹುಡುಗನ ಕೈಗೆ ಅದು ಗದೆ ಅಂತ ಗೊತ್ತಾಗ್ಬೇಕು" ಎಂದರು. ಅವರು ಹೇಳಿದಂತೆ ಗುಂಡಿನ ನೆತ್ತಿಯೊಳಗೆ 200 ಗ್ರಾಂ ಮರಳಿನ ಪುಟ್ಟ ಚೀಲವನ್ನು ಅಲುಗಾಡದ ಹಾಗೆ ಅಂಟಿಸಿ ಮತ್ತೆ ಮುಚ್ಚಿದೆ. ಅಷ್ಟು ಭಾರ ತುದಿಗೆ ಬಂದದ್ದೇ ತಡ, ಹುಡುಗ ತಾನಾಗಿಯೇ ಕಾಲು ಅಗಲಿಸಿ ನಿಂತ, ಎತ್ತುವ ಮೊದಲು ಉಸಿರು ಕಟ್ಟಿದ. ರಂಗಸಾಮಗ್ರಿಯನ್ನು ಪ್ರೇಕ್ಷಕನ ಕಣ್ಣಿಗಾಗಿ ಮಾಡುತ್ತೇವೆಂದೇ ಅಲ್ಲಿಯವರೆಗೆ ತಿಳಿದಿದ್ದೆ. ನಟನ ಕೈ ಅದಕ್ಕಿಂತ ಮೊದಲಿನದು.

ಕಿರೀಟದಲ್ಲಿ ಈ ಮಾತು ಇನ್ನಷ್ಟು ನಿಜ. ಪ್ರತಿಯೊಬ್ಬನ ತಲೆಯನ್ನೂ ಅಳೆದು, ರಟ್ಟಿನ ಪಟ್ಟಿ ಕಟ್ಟಿ, ಒಳಗೆ ಸ್ಪಂಜು, ಅದರ ಮೇಲೆ ಬೆವರು ಹೀರುವ ಹತ್ತಿಬಟ್ಟೆ ಇಟ್ಟು ಹೊಲಿದೆವು. ಮೇಲಿನ ಉಬ್ಬು ಕೆಲಸಕ್ಕೆ ದಾರಿ ಸಿಕ್ಕಿದ್ದು ಕೊಪ್ಪಳದ ಬಳಿಯ ಕಿನ್ನಾಳದ ಗೊಂಬೆಗಳಿಂದ. ಅಲ್ಲಿನ ಚಿತ್ರಗಾರರು ಮರದ ಹೊಟ್ಟನ್ನೂ ಹುಣಸೆಬೀಜದ ಅಂಟನ್ನೂ ಸೇರಿಸಿ 'ಕಿಟ್ಟ'ವೆಂಬ ಮುದ್ದೆ ಮಾಡಿ ಗೊಂಬೆಗಳಿಗೆ ರೂಪ ಕೊಡುತ್ತಾರೆ. ಅವರ ಪಾಕದಲ್ಲಿ ಸೆಣಬಿನ ಪುಡಿಯೂ ಇರುತ್ತದೆ, ತಲೆಮಾರುಗಳ ಹದವೂ ಇರುತ್ತದೆ. ನಾನು ಮಾಡಿದ್ದು ಅದರ ಸರಳ ರೂಪವಷ್ಟೆ. ಹುಣಸೆಬೀಜವನ್ನು ಹುರಿದು, ಸಿಪ್ಪೆ ಕಳೆದು, ರಾತ್ರಿಯಿಡೀ ನೆನೆಸಿ, ರುಬ್ಬಿ, ಕುದಿಸಿ, ಜರಡಿ ಹಿಡಿದ ಮರದ ಹೊಟ್ಟಿನೊಂದಿಗೆ ಚಪಾತಿ ಹಿಟ್ಟಿನಂತೆ ನಾದಿದರೆ ಬಳ್ಳಿ, ಮೊಗ್ಗು, ಹರಳಿನ ಕಟ್ಟುಗಳನ್ನು ಬೆರಳಿನಲ್ಲೇ ಕೂಡಿಸಬಹುದು.

ಬಣ್ಣದಲ್ಲಿ ಇನ್ನೊಂದು ಪಾಠವಾಯಿತು. ಇಡೀ ಕಿರೀಟಕ್ಕೆ ಚಿನ್ನದ ಬಣ್ಣ ಬಳಿದಾಗ ಹತ್ತಿರದಿಂದ ಸೊಗಸಾಗಿತ್ತು, 30 ಅಡಿ ದೂರದಿಂದ ದೀಪದ ಬೆಳಕಿನಲ್ಲಿ ಬರೀ ಹಳದಿ ಚಪ್ಪಟೆಯಾಗಿ ಕಂಡಿತು. ಈಗ ಮೊದಲು ಕಡುಗಂದು ಬಣ್ಣ ಬಳಿದು, ಒಣಗಿದ ಮೇಲೆ ಉಬ್ಬಿದ ಭಾಗಗಳಿಗೆ ಮಾತ್ರ ಒಣ ಕುಂಚದಿಂದ ಚಿನ್ನದ ಬಣ್ಣವನ್ನು ತೇಲಿಸುತ್ತೇವೆ. ತಗ್ಗಿನಲ್ಲಿ ಕತ್ತಲು ಉಳಿಯುವುದರಿಂದ ಕೊನೆಯ ಸಾಲಿನವರಿಗೂ ಕೆತ್ತನೆ ಕಾಣುತ್ತದೆ.

ಪರದೆಯನ್ನು ಆ ಹಿರಿಯರೇ ಕಲಿಸಿದರು. ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. ದರ್ಬಾರು, ರಸ್ತೆ, ಕಾಡು ಎಂದು ಸೀನುಗಳನ್ನು ಬರೆಯುವ ವಿದ್ಯೆಗೆ ಇಲ್ಲಿ ಆಳವಾದ ಬೇರಿದೆ. ನಮಗೆ ಬೇಕಾಗಿದ್ದುದು ವೈಶಂಪಾಯನ ಸರೋವರವೊಂದೇ. ಕೋರಾ ಬಟ್ಟೆಯನ್ನು ಅಡ್ಡಡ್ಡ ಜೋಡಿಸಿ ಹೊಲಿಸಿ, ದೀಪದ ಬಿಸಿಗೆ ಬೆಂಕಿ ತಗುಲದಿರಲೆಂದು ಬಿಳಿಗಾರ ಮತ್ತು ಬೋರಿಕ್ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ ಒಣಗಿಸಿ, ಒಂದು ತುಂಡನ್ನು ಬಯಲಿನಲ್ಲಿ ಸುಟ್ಟು ನೋಡಿದ ಮೇಲೆಯೇ ಚೌಕಟ್ಟಿಗೆ ಬಿಗಿದೆವು. ಸೀಮೆಸುಣ್ಣದ ಪುಡಿಗೆ ನೀರಾಗಿಸಿದ ಫೆವಿಕಾಲ್ ಸೇರಿಸಿ ತೆಳುವಾಗಿ ಬಳಿಯಬೇಕು. ದಪ್ಪವಾದರೆ ಸುತ್ತುವಾಗ ಬಿರುಕು ಬಿಡುತ್ತದೆ. ಚಿಕ್ಕ ಚಿತ್ರದ ಒಂದು ಅಂಗುಲಕ್ಕೆ ಬಟ್ಟೆಯ ಒಂದು ಅಡಿಯೆಂದು ಲೆಕ್ಕ ಹಾಕಿ, ನೀಲಿ ಹಚ್ಚಿದ ದಾರ ಹೊಡೆದು ಚೌಕ ಮಾಡಿಕೊಂಡರೆ ಎಂತಹ ಚಿತ್ರವನ್ನಾದರೂ ಹಿಗ್ಗಿಸಬಹುದು. ಡಿಸ್ಟೆಂಪರ್ ಒಣಗಿದಾಗ ತಿಳಿಯಾಗುತ್ತದೆ. ಆದ್ದರಿಂದ ಪ್ರತಿ ಬಣ್ಣವನ್ನೂ ಮೊದಲು ಚೂರು ಬಟ್ಟೆಯ ಮೇಲೆ ಬಳಿದು ಒಣಗಿಸಿ ನೋಡುವುದನ್ನು ಅವರು ಎಂದೂ ಬಿಡಲಿಲ್ಲ. ನಾನು ಒಮ್ಮೆ ಬಿಟ್ಟೆ. ಸರೋವರದ ದಂಡೆಯ ಹಸಿರು, ಯುದ್ಧದ ದೃಶ್ಯದ ಕೆಂಪು ದೀಪದಲ್ಲಿ ಕಪ್ಪಾಗಿ ಕಂಡದ್ದು ಮತ್ತೊಂದು ತಪ್ಪು. ಈಗ ಬಣ್ಣವನ್ನೂ ಬಟ್ಟೆಯನ್ನೂ ಆಯ್ದುಕೊಳ್ಳುವ ಮೊದಲು ಅದೇ ದೀಪದ ಕೆಳಗೆ ಹಿಡಿದು ನೋಡುತ್ತೇವೆ.

ಉಡುಪಿನ ಕೆಲಸವನ್ನು ಹೆಚ್ಚಾಗಿ ಮಕ್ಕಳ ತಾಯಂದಿರು ಮಾಡಿಕೊಟ್ಟರು. ಕಚ್ಚೆಪಂಚೆಯ ನೆರಿಗೆಗಳನ್ನು ಮೊದಲೇ ಹೊಲಿದು ಸೊಂಟಕ್ಕೆ ಎಲಾಸ್ಟಿಕ್ ಕೊಟ್ಟದ್ದರಿಂದ ವೇಷ ಬದಲಿಸುವುದು ನಿಮಿಷದ ಕೆಲಸವಾಯಿತು; ಮುಂದಿನ ವರ್ಷ ಬಿಚ್ಚಿ ಅಗಲಿಸಲೆಂದು ಹೊಲಿಗೆಯ ಒಳಗೆ ಎರಡು ಅಂಗುಲ ಬಟ್ಟೆ ಉಳಿಸಿದೆವು. ಸೋತು ಬರುವ ದುರ್ಯೋಧನನ ಉತ್ತರೀಯವನ್ನು ಚಹಾ ಡಿಕಾಕ್ಷನ್‌ನಲ್ಲಿ ಕುದಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿದಾಗ ಹದಿನೆಂಟು ದಿನಗಳ ದಣಿವು ಅದರಲ್ಲಿ ಕಂಡಿತು.

ಪರದೆಯನ್ನು ಮಡಿಸದೆ ಬಿದಿರಿಗೆ ಸುತ್ತಿ ಉಗ್ರಾಣದ ತೊಲೆಗೆ ತೂಗುಹಾಕಿದ್ದೇವೆ. ಈ ವರ್ಷ ಹೊಸ ಬಟ್ಟೆಯ ಮೇಲೆ ಕಾಡಿನ ಸೀನು ಬರೆಯಲು 9ನೆಯ ತರಗತಿಯ ಇಬ್ಬರು ಹುಡುಗಿಯರು ದಾರ ಹೊಡೆಯುತ್ತಿದ್ದಾರೆ. ಹಸಿರಿನ ಐದು ಮಾದರಿಗಳು ಕಿಟಕಿಯಲ್ಲಿ ಒಣಗುತ್ತಿವೆ.