1969ರ ಕ್ಯಾಮರೋಗೆ ಹಿಂದೆ ಅಗಲದ ಟೈರು: ನನ್ನ ಅನುಭವ

ಅಮೆರಿಕದ ಷೆವ್ರೊಲೆ ಕ್ಯಾಮರೋ ಕಾರಿನ 1969ರ ಮಾದರಿಯನ್ನು ಇಟ್ಟುಕೊಂಡವರಲ್ಲಿ ಹಿಂದಿನ ಟೈರು ಇನ್ನಷ್ಟು ಅಗಲವಾಗಿರಬೇಕೆಂದು ಬಯಸದವರು ವಿರಳ. ಒಹಾಯೋದ ನಾರ್ವುಡ್ ಮತ್ತು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್ ಕಾರ್ಖಾನೆಗಳಲ್ಲಿ ತಯಾರಾದ ಈ ಕಾರುಗಳಲ್ಲಿ ಹೆಚ್ಚಿನವು 14 ಇಂಚಿನ ಚಕ್ರಗಳೊಂದಿಗೆ ಹೊರಬಂದವು. ಎಂಟು ಸಿಲಿಂಡರಿನ ವಿ8 ಎಂಜಿನ್ನಿನ ಎಳೆತಕ್ಕೆ ಆ ಕಿರಿದಾದ ಟೈರುಗಳ ಹಿಡಿತ ಸಾಲುವುದಿಲ್ಲ. ಮಿಷಿಗನ್‌ನಲ್ಲಿರುವ ನನ್ನ ಕಾರಿಗೆ ಹಿಂದಿನ ಮಾಲೀಕರು 215/70 ಆರ್ 14 ಟೈರುಗಳನ್ನು (ಅಗಲ 215 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 70, ರಿಮ್ಮಿನ ವ್ಯಾಸ 14 ಇಂಚು) ಹಾಕಿಸಿದ್ದರು. ಅವುಗಳ ಜಾಗದಲ್ಲಿ, ತಗಡನ್ನು ಕತ್ತರಿಸದೆ ಮತ್ತು ಬಣ್ಣಕ್ಕೆ ಧಕ್ಕೆಯಾಗದಂತೆ ಎಷ್ಟು ಅಗಲದ ಟೈರು ಕೂರಬಲ್ಲದು ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಈ ಕಾರಿನ ಹಿಂದಿನ ಆಕ್ಸಲ್, ಅಂದರೆ ಎರಡು ಹಿಂಚಕ್ರಗಳನ್ನು ಜೋಡಿಸುವ ಅಚ್ಚು, ನಮ್ಮ ಲಾರಿಗಳಲ್ಲಿರುವಂತೆಯೇ ಲೀಫ್ ಸ್ಪ್ರಿಂಗ್‌ಗಳ ಮೇಲೆ ನಿಂತಿದೆ. ಅದು ಪಕ್ಕಕ್ಕೆ ಸರಿಯದಂತೆ ತಡೆಯಲು ಬೇರೆ ಸಲಾಕೆಯಿಲ್ಲ. ಸ್ಪ್ರಿಂಗ್ ಮತ್ತು ಅದರ ರಬ್ಬರ್ ಬುಷ್‌ಗಳೇ ಆ ಕೆಲಸ ಮಾಡಬೇಕು. ಬುಷ್ ಸವೆದಿದ್ದರೆ ತಿರುವಿನಲ್ಲಿ ಆಕ್ಸಲ್ ಓಲಾಡುವುದರಿಂದ, ನಿಂತ ಕಾರಿನಲ್ಲಿ ಅಳೆದ ಅಂತರಕ್ಕೆ ಬೆಲೆಯಿರುವುದಿಲ್ಲ. ಆದ್ದರಿಂದ ಮೊದಲು ಬುಷ್‌ಗಳನ್ನು ಬದಲಾಯಿಸಿ, ಆಮೇಲೆ ಅಳತೆಗೆ ಕೈಹಾಕಿದೆ.

ಅಳೆಯುವಾಗ ಕಾರನ್ನು ಎತ್ತಿ ನಿಲ್ಲಿಸುವ ಜ್ಯಾಕ್ ಸ್ಟ್ಯಾಂಡನ್ನು ಚಾಸಿಯ ಕೆಳಗಲ್ಲ, ಆಕ್ಸಲ್‌ನ ಕೆಳಗೇ ಇಡಬೇಕು. ಇಲ್ಲದಿದ್ದರೆ ಆಕ್ಸಲ್ ಕೆಳಗೆ ಜೋತುಬಿದ್ದು, ರಸ್ತೆಯ ಮೇಲಿರುವ ಕಾರಿನಲ್ಲಿ ಇಲ್ಲದ ಜಾಗ ಇರುವಂತೆ ಕಾಣುತ್ತದೆ. ಚಕ್ರವನ್ನು ಬಿಚ್ಚಿ, ಬ್ರೇಕ್ ಡ್ರಮ್ಮಿನ ಮುಖದಿಂದ ಹೊರಗೆ ಚಕ್ರದ ಮೇಲಿನ ತಗಡಾದ ಫೆಂಡರ್‌ನ ಒಳಮಡಿಕೆಯವರೆಗೂ, ಒಳಗೆ ಚಕ್ರದ ಗೂಡಿನ ಗೋಡೆ ಮತ್ತು ಸ್ಪ್ರಿಂಗ್ ಇವೆರಡರಲ್ಲಿ ಹತ್ತಿರವಿರುವುದರವರೆಗೂ ಅಳೆದೆ. ಎಡಬದಿಯಲ್ಲಿ ಹೊರಗೆ 145, ಒಳಗೆ 143 ಮಿಲಿಮೀಟರ್ ಇದ್ದರೆ, ಬಲಬದಿಯಲ್ಲಿ ಹೊರಗೆ 139, ಒಳಗೆ 149 ಇತ್ತು. ಅಂದರೆ ಆಕ್ಸಲ್ 3 ಮಿಲಿಮೀಟರಿನಷ್ಟು ಬಲಕ್ಕೆ ಸರಿದು ಕುಳಿತಿದೆ. ಆ ಕಾಲದ ಕಾರುಗಳಲ್ಲಿ ಇದು ಅಪರೂಪವೇನಲ್ಲ. ಒಂದೇ ಬದಿಯನ್ನು ಅಳೆದು ಚಕ್ರ ತರಿಸುವವರಿಗೆ ಇದು ಕಾಣಿಸುವುದಿಲ್ಲ. ಹೊರಗಿನ ಲೆಕ್ಕಕ್ಕೆ ಬಲಬದಿಯನ್ನೂ ಒಳಗಿನ ಲೆಕ್ಕಕ್ಕೆ ಎಡಬದಿಯನ್ನೂ, ಹೀಗೆ ಇಕ್ಕಟ್ಟಾದ ಅಳತೆಗಳನ್ನೇ ಆಧಾರವಾಗಿಟ್ಟುಕೊಂಡೆ.

ಟೈರಿನ ಅಗಲಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ರಿಮ್ಮಿನ ಬ್ಯಾಕ್‌ಸ್ಪೇಸಿಂಗ್, ಅಂದರೆ ರಿಮ್ಮಿನ ಒಳಅಂಚಿನಿಂದ ಅದು ಡ್ರಮ್ಮಿಗೆ ತಾಗುವ ಮುಖದವರೆಗಿನ ದೂರ. 8 ಇಂಚು ಅಗಲವೆಂದು ಕರೆಯುವ ರಿಮ್ ಅಂಚಿನಿಂದ ಅಂಚಿಗೆ ಸುಮಾರು 9 ಇಂಚು ಇರುತ್ತದೆ. ಹಾಗಾಗಿ ಬ್ಯಾಕ್‌ಸ್ಪೇಸಿಂಗ್ 4.5 ಇಂಚಿದ್ದರೆ ಟೈರು ಡ್ರಮ್ಮಿನ ಮುಖದ ಎರಡೂ ಕಡೆಗೆ ಸಮನಾಗಿ ಹಂಚಿಕೊಳ್ಳುತ್ತದೆ. 255/60 ಆರ್ 15 ಟೈರಿನ ಅಗಲವನ್ನು 7.5 ಇಂಚಿನ ರಿಮ್ಮಿನ ಮೇಲೆ ನಮೂದಿಸಿರುತ್ತಾರೆ. 8 ಇಂಚಿನದರಲ್ಲಿರುವಂತೆ ರಿಮ್ ಅರ್ಧ ಇಂಚು ಹಿಗ್ಗಿದರೆ ಟೈರು ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಒಟ್ಟು 260 ಎಂದುಕೊಂಡರೆ ಪ್ರತಿ ಕಡೆಗೆ 130 ಬೇಕು. ಆಗ ಬಲಬದಿಯ ಹೊರಗೆ 9, ಎಡಬದಿಯ ಒಳಗೆ 13 ಮಿಲಿಮೀಟರ್ ಉಳಿಯುತ್ತದೆ. 8 ಇಂಚಿನ ರಿಮ್ಮಿನ ಮೇಲೆಯೇ ಅಗಲ ನಮೂದಿಸುವ 275ರ ಟೈರಾದರೆ ಬಲಬದಿಯ ಹೊರಗೆ ಉಳಿಯುವುದು ಒಂದೂವರೆ ಮಿಲಿಮೀಟರ್ ಮಾತ್ರ.

275 ಬೇಕೆನ್ನುವವರು ಫೆಂಡರ್‌ನ ಒಳಮಡಿಕೆಯನ್ನು ಮೇಲಕ್ಕೆ ಒತ್ತಿ ಚಪ್ಪಟೆ ಮಾಡಿಸುತ್ತಾರೆ. ಬಿಸಿಗಾಳಿಯಿಂದ ಬಣ್ಣವನ್ನು ಮೆದುಗೊಳಿಸಿ, ಚಕ್ರ ಕೂರುವ ಹಬ್ಬಿಗೆ ಬಿಗಿಯುವ ರೋಲರಿನಿಂದ ಸ್ವಲ್ಪಸ್ವಲ್ಪವಾಗಿ ಒತ್ತಿದರೆ ಕೆಲಸ ಅಚ್ಚುಕಟ್ಟಾಗುತ್ತದೆ. ಟೈರು ಮತ್ತು ಫೆಂಡರ್ ನಡುವೆ ಬೇಸ್‌ಬಾಲ್ ಬ್ಯಾಟ್ ತುರುಕಿ ಕಾರನ್ನು ಉರುಳಿಸುವ ಪದ್ಧತಿಯೂ ಇದೆ. ನನ್ನ ಕಾರಿನ ಹತ್ತಿರ ಅದಕ್ಕೆ ಪ್ರವೇಶವಿಲ್ಲ. ಬಣ್ಣ ಬಿರುಕುಬಿಟ್ಟ ಜಾಗದಲ್ಲಿ, ಮಿಷಿಗನ್‌ನವರು ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಸೇರಿಕೊಂಡರೆ ತುಕ್ಕು ಬೇಗ ಹಿಡಿಯುತ್ತದೆ. ನಾನು 255ಕ್ಕೇ ನಿಂತೆ.

ಚಕ್ರ ಕೂರಿಸಿದ ಮೇಲೆ ಫೆಂಡರ್‌ನ ಅಂಚಿಗೆ ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಮೆತ್ತಿ, ಒಂದು ಹಿಂಚಕ್ರವನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿ, ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿದೆ. ಮೇಲೇರಿದ ಚಕ್ರದ ತಲೆ ಒಳಕ್ಕೆ ವಾಲುವುದರಿಂದ ಆ ಬದಿಯಲ್ಲಿ ಒಳಗಿನ ಗೋಡೆಯನ್ನೂ ಟಾರ್ಚ್ ಹಿಡಿದು ನೋಡಬೇಕು. ಬಲಬದಿಯ ಜೇಡಿಯಲ್ಲಿ ಅತಿ ತೆಳುವಾದ ಜಾಗ 5 ಮಿಲಿಮೀಟರ್ ಇತ್ತು, ಅಂದರೆ ಟೈರಿಗೂ ಅಂಚಿಗೂ ಅಷ್ಟು ಅಂತರ ಉಳಿದಿತ್ತು. ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು, ನೂರು ಮೈಲಿಯೊಳಗೆ ಮತ್ತೊಮ್ಮೆ ಪರೀಕ್ಷಿಸಿದೆ.

ಉಳಿದದ್ದು ವೇಗಮಾಪಕ. ಹಳೆಯ ಟೈರಿನ ವ್ಯಾಸ ಸುಮಾರು 657 ಮಿಲಿಮೀಟರ್, ಹೊಸದರದ್ದು 687. ಹೀಗಾಗಿ ಕಾರು ಗಂಟೆಗೆ ಸುಮಾರು 63 ಮೈಲಿಯಲ್ಲಿ ಓಡುತ್ತಿದ್ದರೂ ಮುಳ್ಳು 60 ತೋರಿಸುತ್ತಿತ್ತು. ಗೇರ್‌ಬಾಕ್ಸಿನ ಪಕ್ಕದಲ್ಲಿ ವೇಗಮಾಪಕದ ಕೇಬಲನ್ನು ತಿರುಗಿಸುವ 21 ಹಲ್ಲುಗಳ ಪ್ಲಾಸ್ಟಿಕ್ ಗೇರನ್ನು ತೆಗೆದು 20 ಹಲ್ಲುಗಳದ್ದನ್ನು ಹಾಕಿದ ಮೇಲೆ ಮುಳ್ಳು ಜಿಪಿಎಸ್‌ನೊಂದಿಗೆ ಬಹುತೇಕ ಹೊಂದಿಕೊಂಡಿತು. 3.31ರ ಆಕ್ಸಲ್ ಅನುಪಾತ (ಚಕ್ರ ಒಮ್ಮೆ ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ತಿರುಗಬೇಕಾದ ಸುತ್ತುಗಳು) ಈಗ ಸುಮಾರು 3.16 ಇದ್ದಂತೆ ವರ್ತಿಸುತ್ತದೆ. ಹೆದ್ದಾರಿಯಲ್ಲಿ ಎಂಜಿನ್ ತುಸು ನಿಧಾನವಾಗಿ ತಿರುಗುತ್ತದೆ, ಸಿಗ್ನಲಿನಲ್ಲಿ ಹೊರಡುವಾಗಿನ ಚುರುಕು ಅಷ್ಟೇ ಕಡಿಮೆಯಾಗಿದೆ.