ಪ್ಲಾಟಿನಂ ಕರಗಿದ್ದೆಷ್ಟು, ತೇಲಿದ್ದೆಷ್ಟು?

ಕರಗಿದ ಸಿಲಿಕೇಟ್ ಕಲ್ಲು ಎಷ್ಟು ಪ್ಲಾಟಿನಂ ಹಿಡಿದಿಟ್ಟುಕೊಳ್ಳುತ್ತದೆ ಅಂತ ಅಳೆಯಲು ಹೊರಟಾಗ, ಕುಲುಮೆಯೇ ಕಷ್ಟದ ಭಾಗ ಅಂದುಕೊಂಡಿದ್ದೆ. ಅದು ಸಲೀಸಾಗೇ ನಡೆಯಿತು.

ಕಲ್ಲಿನ ಬದಲು ಅನಾರ್ಥೈಟ್ ಮತ್ತು ಡಯಾಪ್ಸೈಡ್ ಅನ್ನುವ ಎರಡು ಸಿಲಿಕೇಟ್ ಖನಿಜಗಳನ್ನು ಬೆರೆಸಿದ ಪುಡಿ ತೆಗೆದುಕೊಂಡೆ. ಈ ಮಿಶ್ರಣ 1274 ಡಿಗ್ರಿಗೇ ಕರಗುತ್ತದೆ. ಕಬ್ಬಿಣ ಬೇಕಂತಲೇ ಬಿಟ್ಟೆ, ಇದ್ದರೆ ಅದು ಪ್ಲಾಟಿನಂ ಜೊತೆ ಬೆರೆತು ಲೆಕ್ಕ ಕೆಡಿಸುತ್ತದೆ. ಪುಡಿಯನ್ನು ಪ್ಲಾಟಿನಂ ತಂತಿಯ ಕುಣಿಕೆಗೆ ಮೆತ್ತಿ 1400 ಡಿಗ್ರಿಯಲ್ಲಿ ತೂಗುಹಾಕಿದೆ. ಕರಗಿದ ಪುಡಿಯೊಳಗೆ ಸೇರುವ ಪ್ಲಾಟಿನಂ ಬರುವುದೂ ಆ ತಂತಿಯಿಂದಲೇ. ಕಾರ್ಬನ್ ಮಾನಾಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಎಷ್ಟೆಷ್ಟು ಹರಿಸುತ್ತೇವೆ ಅನ್ನುವುದರ ಮೇಲೆ ಒಳಗಿನ ಆಮ್ಲಜನಕ ನಿಂತಿದೆ. ಮೊದಲನೆಯದು ವಾಸನೆಯಿಲ್ಲದ ವಿಷ, ಅಲಾರಂ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸಮಯ ಮುಗಿದ ಮೇಲೆ ಹನಿಯನ್ನು ನೀರಿಗೆ ಬೀಳಿಸಿದರೆ ಗಾಜಿನ ಮಣಿ ಸಿಗುತ್ತದೆ.

ಪ್ಲಾಟಿನಂ ಇಲ್ಲಿ ಆಕ್ಸೈಡ್ ರೂಪದಲ್ಲಿ ಕರಗುತ್ತದೆ. ಅದರ ವೇಲೆನ್ಸಿ 2 ಆದರೆ, ಆಮ್ಲಜನಕ 100 ಪಟ್ಟು ಇಳಿದಾಗ ಪ್ಲಾಟಿನಂ 10 ಪಟ್ಟು ಇಳಿಯಬೇಕು. ನನ್ನ ಅಂಕಿಗಳು ಮೊದಲು ಇಳಿದವು. ಆಮೇಲೆ ಏರಿದವು! ಲೇಸರ್‌ನಿಂದ ಗಾಜನ್ನು ಕೊರೆದು ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕಳಿಸುತ್ತಿದ್ದೆ, ನಾನು ನೋಡುತ್ತಿದ್ದದ್ದು ಸರಾಸರಿ ಮಾತ್ರ. ಸೆಕೆಂಡ್ ಸೆಕೆಂಡಿನ ಅಳತೆಯ ಗೆರೆ ತೆರೆದು ನೋಡಿದರೆ ತುಂಬಾ ಮುಳ್ಳುಗಳು. ಗಾಜಿನೊಳಗೆ ಕಣ್ಣಿಗೆ ಕಾಣದ ಲೋಹದ ಕಣಗಳು ತೇಲುತ್ತಿದ್ದವು, ಒಂದು ಕಣ ಸಿಕ್ಕರೂ ಸರಾಸರಿ ಹಾರಿಬಿಡುತ್ತದೆ.

ತಪ್ಪು ನನ್ನದೇ. ಮಣಿ ಗಟ್ಟಿಯಾಗಿ ಅಂಟಲಿ ಅಂತ ಮೊದಲೇ ತೆರೆದ ಗಾಳಿಯಲ್ಲಿ ಕರಗಿಸಿಕೊಳ್ಳುತ್ತಿದ್ದೆ. ಅಲ್ಲಿ ಆಮ್ಲಜನಕ ಜಾಸ್ತಿ, ಪ್ಲಾಟಿನಂ ಧಾರಾಳವಾಗಿ ಕರಗುತ್ತಿತ್ತು. ಆಮೇಲೆ ಕುಲುಮೆಗೆ ಇಳಿಸಿದರೆ ಹೆಚ್ಚಾದದ್ದು ಹೊರಬರಲೇಬೇಕು ಅಲ್ವಾ, ಅದೇ ಕಣಗಳಾಗಿ ಉಳಿದಿತ್ತು. ಈಗ ಪುಡಿಯನ್ನು ಅಂಟಿನಲ್ಲಿ ಮೆತ್ತಿ, ಕುಲುಮೆಯ ಕೊಳವೆಯ ತಂಪಾದ ಮೇಲ್ತುದಿಯಲ್ಲಿ ಅನಿಲ ಹರಿಸಿ, ಆಮೇಲಷ್ಟೇ ಬಿಸಿಗೆ ಇಳಿಸುತ್ತೇನೆ. ಮುಳ್ಳುಗಳು ಬಹಳ ಕಡಿಮೆಯಾದವು. ಉಳಿದವನ್ನು ಬಿಟ್ಟು ಗೆರೆಯ ಸಮತಟ್ಟಾದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇನೆ.

ಇನ್ನೊಂದು ಕಾಟ: ಹೋಲಿಕೆಗೆ ಬಳಸುವ, ಒಳಗೆ ಏನೆಷ್ಟಿದೆ ಅಂತ ಮೊದಲೇ ಗೊತ್ತಿರುವ ಎನ್‌ಐಎಸ್‌ಟಿ 610 ಗಾಜಿನಲ್ಲಿ ಹಾಫ್ನಿಯಂ ಅನ್ನುವ ಲೋಹವೂ ಇದೆ. ಅದರ ಆಕ್ಸೈಡ್ ಅಷ್ಟೇ ತೂಕದ ಪ್ಲಾಟಿನಂ ಪರಮಾಣುವಿನ (ಪ್ಲಾಟಿನಂ 195) ವೇಷ ಹಾಕಿ ಬರುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಭೂಮಿಯ ಮ್ಯಾಂಟಲ್‌ನಲ್ಲಿ, ಅಂದರೆ ತಿರುಳಿನ ಮೇಲಿನ ಕಲ್ಲಿನ ಪದರದಲ್ಲಿ, ಪ್ಲಾಟಿನಂ ಇರುವುದು ಸುಮಾರು 7 ಪಿಪಿಬಿ (ನೂರು ಕೋಟಿ ಭಾಗದಲ್ಲಿ 7 ಭಾಗ). ಕಬ್ಬಿಣದ ತಿರುಳು ಕಲ್ಲಿನಿಂದ ಬೇರೆಯಾದಾಗ ಉಳಿದದ್ದೋ, ಆಮೇಲೆ ಉಲ್ಕೆಗಳು ತಂದದ್ದೋ ಎನ್ನುವ ವಾದ ಇಂಥ ಅಂಕಿಗಳ ಮೇಲೆ ನಿಂತಿದೆ. ತೇಲುವ ಕಣವನ್ನು ಕರಗಿದ್ದು ಅಂತ ಬರೆದರೆ ಉತ್ತರವೇ ಬದಲಾಗುತ್ತದೆ. ಆಮ್ಲಜನಕ ತೀರಾ ಕಡಿಮೆಯಿದ್ದ ನನ್ನ ಕೊನೆಯ ಎರಡು ಮಣಿಗಳಲ್ಲಿ ಸಮತಟ್ಟು ಭಾಗವೇ ಸಿಗಲಿಲ್ಲ. ಅವುಗಳ ಮುಂದೆ ‘ಇದಕ್ಕಿಂತ ಕಡಿಮೆ’ ಅಂತಷ್ಟೇ ಬರೆದೆ.