ಹಳೇ ರಾಕ್ ಡ್ರಮ್ ಸದ್ದು ಬೇಕಾ? ಹತ್ತಿರದ ಮೈಕ್ ಮೊದಲು ಮುಚ್ಚಿ
ಕಂಪ್ಯೂಟರಿನಲ್ಲಿ ಡ್ರಮ್ ನುಡಿಸುವ ಸಾಫ್ಟ್‌ವೇರ್‌ನ ಮಿಕ್ಸರ್ (ಒಂದೊಂದು ಮೈಕಿನ ಸದ್ದು ಹೊಂದಿಸುವ ಪರದೆ) ತೆರೆದು ಸೆಟ್‌ನ ಬೇರೆ ಬೇರೆ ಡ್ರಮ್‌ಗಳಾದ ಕಿಕ್, ಸ್ನೇರ್, ಟಾಮ್‌ಗಳ ಹತ್ತಿರದ ಮೈಕ್‌ಗಳನ್ನೆಲ್ಲ ಮ್ಯೂಟ್ ಮಾಡಿ. ಓವರ್‌ಹೆಡ್ (ಸೆಟ್‌ನ ಮೇಲುಗಡೆಯ) ಮತ್ತು ರೂಮ್ (ದೂರದಿಂದ ಕೋಣೆಯ ಮೊಳಗು ಹಿಡಿಯುವ) ಮೈಕ್‌ಗಳಲ್ಲೇ ಇಡೀ ಸೆಟ್ ಚೆನ್ನಾಗಿ ಕೇಳುವಂತೆ ಮಾಡಿಕೊಳ್ಳಿ. ರೂಮ್ ಚಾನೆಲ್‌ಗೆ ಕಂಪ್ರೆಸರ್ (ಜೋರು, ಮೆಲು ಸದ್ದುಗಳ ಅಂತರ ತಗ್ಗಿಸುವ ಸಾಧನ) ಹಾಕಿ ಜೋರಾಗೇ ಒತ್ತಿ. ಕಿಕ್, ಸ್ನೇರ್ ಮೈಕ್‌ಗಳನ್ನು ಕೊನೆಗೆ, ಊಟಕ್ಕೆ ಉಪ್ಪಿನಕಾಯಿಯಷ್ಟು ಸೇರಿಸಿದರೆ ಸಾಕು. 1970ರ ಸುಮಾರಿಗೆ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಡ್ರಮ್‌ಗೆ ಇಡುತ್ತಿದ್ದದ್ದೇ ಮೂರು ನಾಲ್ಕು ಮೈಕ್. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೇ ಮನೆಯಲ್ಲಿ ಲೆಡ್ ಜೆಪ್ಲಿನ್ ರಾಕ್ ತಂಡದ ಡ್ರಮ್ಮರ್ ಜಾನ್ ಬಾನಮ್ ಕೆಳಗಿನ ಹಜಾರದಲ್ಲಿ ನುಡಿಸಿದರೆ, ಮೈಕ್ ಇದ್ದದ್ದು ಮೆಟ್ಟಿಲ ಮೇಲುಗಡೆ. ಅಂದರೆ ನಮಗೆ ಇಷ್ಟವಾಗುವುದು ಅರ್ಧ ಡ್ರಮ್, ಅರ್ಧ ಮನೆ! ಆದರೆ ವೆಲಾಸಿಟಿಯನ್ನು (ಪೆಟ್ಟಿನ ಜೋರನ್ನು) ಸುಮ್ನೆ ಗರಿಷ್ಠ 127ಕ್ಕೇ ಇಟ್ಟರೆ ಯಾವ ರೂಮೂ ಕಾಪಾಡುವುದಿಲ್ಲ. ವೇಗದ ಹಾಡಿಗೂ ಈ ವಿಧಾನ ಒಗ್ಗುವುದಿಲ್ಲ, ಒಂದು ಪೆಟ್ಟಿನ ಗುಂಯ್ ಅಡಗುವ ಮೊದಲೇ ಇನ್ನೊಂದು ಬಿದ್ದು ಎಲ್ಲ ಕಲಸಿಹೋಗುತ್ತದೆ. ರೂಮ್ ಚಾನೆಲ್ ಬೇರೆಯಾಗಿ ಸಿಗದ ಸಾಫ್ಟ್‌ವೇರ್‌ನಲ್ಲಂತೂ ಆಗುವುದೇ ಇಲ್ಲ. ಇನ್ನೊಂದು, ನಮ್ಮ ಬಳ್ಳಾರಿ ಬಿಸಿಲಲ್ಲಿ ಫ್ಯಾನ್ ಆರಿಸಿ ಕೂರೋಕೆ ಆಗಲ್ಲ ಅಲ್ವಾ? ಆ ಸದ್ದಿಗೆ ರೂಮ್‌ನ ಮೊಳಗು ಸರಿಯಾಗಿ ಕೇಳಿಸದೆ ಜಾಸ್ತಿ ಹಾಕಿಬಿಡುತ್ತೇವೆ. ರೂಮ್ ಚಾನೆಲ್‌ನ ಫೇಡರನ್ನು (ಸದ್ದು ಏರಿಸಿ ಇಳಿಸುವ ಗುಂಡಿಯನ್ನು) ಮಾತ್ರ ಹೆಡ್‌ಫೋನ್ ಹಾಕಿಕೊಂಡೇ ಹೊಂದಿಸಿ.